ಮಗ್ಗದ ಮೇಲಿರುವುದಕ್ಕೆ ಹಾಗೆ ಅನ್ನಬಾರದು

ಅಥವಾ ಮೊದಲು ಮಾತಾಡಿದವಳು ಅವಳೇ ಇರಬಹುದು. ಬಾದಾಮಿಯ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ನಾನೇ ಎದ್ದುಹೋಗಿ ಅವಳನ್ನು ಅವಳ ಭಾಷೆಯಲ್ಲಿ ಮಾತಾಡಿಸಿದೆ ಎಂದು ಐದಾರು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಹಿಂದಿನದಕ್ಕಿಂತ ಚೆನ್ನಾಗಿ ಹೇಳಿದ್ದೇನೆ, ಅದೇ ನನ್ನ ಅನುಮಾನಕ್ಕೆ ಕಾರಣ. ನೆನಪು ನಯವಾಗಿದ್ದರೆ ಯಾರೋ ಅದನ್ನು ಉಜ್ಜಿದ್ದಾರೆ ಎಂದರ್ಥ. ಇಲ್ಲಿ ಉಜ್ಜುವವನು ನಾನೊಬ್ಬನೇ.

ಖಚಿತವಾಗಿ ಗೊತ್ತಿರುವುದು ಇಷ್ಟು. ಮಧ್ಯಾಹ್ನದ ಹೊತ್ತು. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ. ಮೂವತ್ತೈದರ ಆಸುಪಾಸಿನ ವಿದೇಶಿ ಹೆಂಗಸೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿಗೆ ಎರಡೂ ಕೈಯಿಂದ ಗಾಳಿ ಹಾಕಿಕೊಳ್ಳುತ್ತ, "ಅಜಿ, ಚೋಕ್ ಅಜಿ" ಅನ್ನುತ್ತಿದ್ದಳು.

"ಯಾರಿಗೆ ಅಜ್ಜಿ ಅಂತಾಳ್ರಿ ಈಕಿ?" ಖಾನಾವಳಿಯ ಒಡತಿ ಸೌಟು ಹಿಡಿದೇ ಕೇಳಿದಳು. "ನನಗಿನ್ನೂ ನಲವತ್ತ ತುಂಬಿಲ್ಲ."

"ನಿಮಗಲ್ರಿ. ಖಾರ ಅನ್ನಾಕತ್ತಾಳ. ಭಾಳ ಖಾರ ಅಂತ."

"ಖಾರ ಇರಲಾರ್ದ ಚಟ್ನಿ ಏನ ಚಟ್ನಿರಿ? ಮೊಸರ ಹಚಗೊಂಡ ತಿನ್ನಂತ ಹೇಳ್ರಿ. ಖಾರಕ್ಕ ಸತ್ತವ್ರನ್ನ ನಾ ಇನ್ನೂ ಕಂಡಿಲ್ಲ."

ನಾನು ಅದನ್ನು ಹಾಗೆಯೇ ಟರ್ಕಿಶ್ ಭಾಷೆಯಲ್ಲಿ ಹೇಳಿದೆ. ಅವಳು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟ ಮಾತ್ರ ನಾನು ಉಜ್ಜಿದ್ದಲ್ಲ, ಅದು ಇದ್ದೇ ಇತ್ತು.

ನನ್ನ ಟರ್ಕಿಶ್ ಚೆನ್ನಾಗಿತ್ತು. ಇದನ್ನು ವಿನಯವಿಲ್ಲದೆ ಹೇಳುತ್ತೇನೆ. ಬಾಗಲಕೋಟೆಯಲ್ಲಿ ಕನ್ನಡ ಪಾಠ ಮಾಡುವ ನಾನು, ಕಾಲೇಜು ಬಾಗಿಲು ಹಾಕಿದ್ದ ರೋಗದ ದಿನಗಳಲ್ಲಿ ಫೋನಿನಲ್ಲಿ ಆ ಭಾಷೆ ಕಲಿಯಲು ಕೂತೆ. ಕಾರಣವೇನೂ ಇರಲಿಲ್ಲ. ಎರಡನೇ ತಿಂಗಳಲ್ಲಿ ಕಾರಣ ತಾನಾಗಿ ಸಿಕ್ಕಿತು. ಕಿರ್ಮಿಝಿ ಅಂದರೆ ಕೆಂಪು. ಆ ಪದದ ಮೊದಲ ತುಂಡನ್ನು ಕಿತ್ತು, ಅದಕ್ಕೊಂದು ವ್ಯಂಜನದ ಬೀಗ ಹಾಕಿ, ಮತ್ತೆ ಪದದ ಮುಂದೆ ನಿಲ್ಲಿಸಿದರೆ ಕಿಪ್‌ಕಿರ್ಮಿಝಿ. ಅದರಾಚೆಗೆ ಕೆಂಪಿಲ್ಲ. ಬೆಯಾಝ್ ಬಿಳಿ, ಬೆಂಬೆಯಾಝ್ ಹಾಲಿಗಿಂತ ಬಿಳಿ. ಮಾವಿ ನೀಲಿ, ಮಾಸ್‌ಮಾವಿ ನೀಲಿಯೋ ನೀಲಿ. ಬೀಗಗಳು ನಾಲ್ಕೇ: ಪ, ಮ, ಸ, ರ. ಯಾವ ಪದಕ್ಕೆ ಯಾವ ಬೀಗ ಎಂಬುದಕ್ಕೆ ಪೂರ್ತಿ ನಂಬಬಹುದಾದ ಸೂತ್ರವಿಲ್ಲ, ಆ ಭಾಷೆಯಲ್ಲಿ ಹುಟ್ಟಿದವರ ಬಾಯನ್ನೇ ಕೇಳಬೇಕು.

ಬೊಷ್ ಅಂದರೆ ಖಾಲಿ. ಬೊಂಬೊಷ್ ಎಂದು ಓದಿದ ದಿನ ನಾನು ಕುರ್ಚಿಯಿಂದ ಎದ್ದೆ. ಬಟ್ಟಬಯಲು! ನಮ್ಮಲ್ಲೂ ಇದೇ ಕೆಲಸ ನಡೆದಿದೆ. ಕಡೆಯ ಮುಂದೆ ಕಟ್ಟ, ನಡುವಿನ ಮುಂದೆ ನಟ್ಟ, ತುದಿಯ ಮುಂದೆ ತುತ್ತ, ಹೊಸದರ ಮುಂದೆ ಹೊಚ್ಚ. ಒಂದು ಮಾತು ತನ್ನ ಮಿತಿ ಮುಟ್ಟಿದಾಗ ಹೊರಗಿನಿಂದ ಬಲ ತರದೆ ತನ್ನದೇ ತಲೆಯನ್ನು ಎರಡು ಸಲ ಎತ್ತುತ್ತದೆ. ಎರಡು ಭಾಷೆಗಳಿಗೆ ನಂಟಿದೆ ಎಂದು ನಾನು ವಾದಿಸುತ್ತಿಲ್ಲ. ನಂಟಿಲ್ಲದೆಯೂ ಇಬ್ಬರು ಒಂದೇ ರೀತಿ ಕೂಗಬಹುದು ಎಂಬುದು ನನಗೆ ಹೆಚ್ಚು ಖುಷಿ ಕೊಟ್ಟಿತು. ಅವರು ಓಲೆಸಿಯೆ ಪ್ರೀತಿಸುತ್ತಾರೆ, ಅಂದರೆ ಸಾಯುವ ಮಟ್ಟಕ್ಕೆ. ನಮ್ಮವರು ಸಾಯೂಹಂಗ ದುಡಿಯುತ್ತಾರೆ, ಸಾಯೂಹಂಗ ನಗುತ್ತಾರೆ. ಅವರು "ಒ ಕದರ್ ಗ್ಯುಝೆಲ್ ಕಿ", ಅಂದರೆ ಎಷ್ಟು ಚೆಂದವೆಂದರೆ, ಎಂದು ಅಲ್ಲಿಗೇ ನಿಲ್ಲಿಸಿ ಮುಂದಿನದನ್ನು ಕೇಳುವವನಿಗೆ ಬಿಡುತ್ತಾರೆ. ನಮ್ಮ ಓಣಿಯಲ್ಲೂ "ಎಷ್ಟ ಚಂದ ಅಂದ್ರ" ಎಂದವರು ವಾಕ್ಯ ಮುಗಿಸಿದ್ದನ್ನು ನಾನು ಕೇಳಿಲ್ಲ.

ಸಂಜೆ ನವನಗರದಿಂದ ಹಳೇ ಊರಿನ ಕಡೆ ಇಳಿದು, ಹಿನ್ನೀರಿನ ಅಂಚಿಗೆ ನಿಂತು, ಕಣ್ಣಿಗೆ ಎಟುಕುವಷ್ಟೂ ನೀರು ಎಂಬುದನ್ನು ಅವರ ರೀತಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ದಾರಿಹೋಕರು ಫೋನಿನಲ್ಲಿ ಮಾತಾಡುತ್ತಿದ್ದಾನೆ ಎಂದುಕೊಂಡು ಹೋಗುತ್ತಿದ್ದರು. ಮಿತಿ ಮೀರಿದ್ದನ್ನು ಹೇಳುವ ವಿದ್ಯೆ ನನಗೆ ಎರಡು ಭಾಷೆಗಳಲ್ಲಿ ಬರುತ್ತದೆ ಎಂಬ ಧೈರ್ಯ ಬಂದಿತ್ತು.

ಆ ಹೆಂಗಸು ತನ್ನ ದೇಶದ ಸಣ್ಣ ಊರೊಂದರಲ್ಲಿ ನೇಯ್ಗೆ ಕಲಿಸುತ್ತಿದ್ದಳು. ಗುಹೆ ನೋಡುವುದು ನೆಪ. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಇಳಕಲ್ ಸೀರೆಯ ಕೊಂಡಿ. ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆಯಲ್ಲಿ ಸಿಕ್ಕಿಸಿ ಬಿಗಿಯುವುದೇ ಕೊಂಡಿ. ಯಾವುದೋ ಪುಸ್ತಕದಲ್ಲಿ ಅದರ ಚಿತ್ರ ನೋಡಿ ಬಂದಿದ್ದಳು. ಕೈಯಲ್ಲಿ ಐದು ದಿನವಿತ್ತು. ನನಗೆ ಇಳಕಲ್ಲಿನಲ್ಲಿ ಚಿಗವ್ವ ಇದ್ದಳು, ತಾಯಿಯ ತಂಗಿ, ಅವಳ ಓಣಿಯಲ್ಲಿ ಈಗಲೂ ಕೈಯಿಂದ ಕೊಂಡಿ ಹಾಕುವ ಒಬ್ಬಳೇ ಹೆಂಗಸು. ಕಾಲೇಜಿಗೆ ರಜೆ ಇತ್ತು. ಮರುದಿನವೇ ಗುಳೇದಗುಡ್ಡದ ಮೇಲಿಂದ ಹುನಗುಂದಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ, ಇಳಕಲ್ಲಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗಿನ ಪ್ರತಿಯೊಂದಕ್ಕೂ ತಲೆಯನ್ನು ಎರಡು ಸಲ ಎತ್ತುವ ಪದಗಳನ್ನೇ ಬಳಸಿದಳು. ನಾನು ಒಂದನ್ನೂ ತಪ್ಪದೆ ಹಿಡಿದೆ.

ಚಿಗವ್ವನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅವಳ ಬೆರಳ ಗಿಣ್ಣುಗಳು ಊದುತ್ತಿದ್ದವು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಆಮೇಲೆ ಮಗ್ಗದ ಕುಣಿಗೆ ಇಳಿಯುತ್ತಿದ್ದಳು. ಹಿಂದಿನ ಸಲ ಹೋದಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ್ದಳು: "ಇದನ್ನ ಯಾರದರ ಕೈಯಾಗ ಇಟ್ಟ ಹೋಗಬೇಕಪಾ. ಯಾರರೆ ಇರಲಿ. ಕೈ ಒಂದ ಇದ್ರ ಸಾಕು." ಸೊಸೆಯನ್ನು ಕೇಳಿ ಸೋತಿದ್ದಳು. ಸೊಸೆ ಮುಂದಿನ ಕೋಣೆಯಲ್ಲಿ ಸೀರೆ ಅಂಗಡಿ ನಡೆಸುತ್ತಾಳೆ, ಫೋನಿನಲ್ಲಿ ಸೀರೆ ತೋರಿಸಿ ಊರೂರಿಗೆ ಮಾರುತ್ತಾಳೆ, ಚುರುಕಾದ ಹೆಂಗಸು. "ಅತ್ತಿ, ನೀವು ಒಂದ ಸೆರಗ ಕೂಡಸೂದ್ರಾಗ ನಾ ಹತ್ತ ಸೀರಿ ಪಾರ್ಸೆಲ್ ಕಟ್ಟತೇನಿ" ಅನ್ನುತ್ತಿದ್ದಳು. ಅದು ಕುಹಕವಲ್ಲ, ನಿಜ.

ಬಂದವಳನ್ನು ನೋಡಿ ಚಿಗವ್ವ ಕೇಳಿದ್ದು ಒಂದೇ. "ಕೈ ತೋರಸು ಅನ್ನು."

ಅವಳು ಎರಡೂ ಅಂಗೈ ಚಾಚಿದಳು. ಚಿಗವ್ವ ಅಂಗೈ ಬಿಟ್ಟು ಬೆರಳ ತುದಿಗಳನ್ನು ಒತ್ತಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ.

"ಉಗುರ ತೆಗೀಲಿ" ಅಂದಳು.

ಮೊದಲ ದಿನ ಅವಳು ಬರೀ ನೋಡಿದಳು. ಎರಡನೇ ದಿನ ಬೇಡವಾದ ಎಳೆಗಳ ಮೇಲೆ ಕೈ ಪಳಗಿಸಿಕೊಂಡಳು. ಮೂರನೇ ದಿನ ಬೆಳಿಗ್ಗೆ ಚಿಗವ್ವ ನಿಜವಾದ ಹಾಸಿನ ಒಂದು ಅಂಚು ಬಿಟ್ಟುಕೊಟ್ಟಳು. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಕೆಂಪು ಕುಣಿಕೆಯೊಳಗೆ ಕಪ್ಪು ಒಡಲಿನ ಕುಣಿಕೆ ತೂರಿಸಿ, ತಿರುವಿ, ಬಿಗಿದು, ಮುಂದಿನದು. ಗಂಟು ಕಣ್ಣಿಗೆ ಕಾಣಬಾರದು, ಬೆರಳಿಗೂ ಸಿಗಬಾರದು. ಮಾತಿನಲ್ಲಿ ಅಷ್ಟು ಜೋರಿದ್ದವಳು ಅಲ್ಲಿ ಕೂತ ಮೇಲೆ ಉಸಿರು ಕೂಡ ಅಳೆದು ಬಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಂಗೈ ಅಗಲದಷ್ಟು ಕೂಡಿಸಿದ್ದಳು.

ಚಿಗವ್ವ ಬಂದು ಬೆರಳಿನಿಂದ ಅದರ ಉದ್ದಕ್ಕೂ ಸವರಿದಳು. ಒಂದು ಸಲ ಆ ಕಡೆಯಿಂದ, ಒಂದು ಸಲ ಈ ಕಡೆಯಿಂದ.

"ಇರಲಿ. ನಡೀತೈತಿ" ಅಂದಳು.

ಬಂದವಳು ನನ್ನ ಮುಖ ನೋಡಿದಳು. ಏನೆಂದರು?

ನನ್ನ ಸ್ವಭಾವ ನನಗೆ ಗೊತ್ತು. "ಪರವಾಗಿಲ್ಲ ಅಂದರು" ಎಂದು ನಾನು ಹೇಳಿರಲು ಸಾಧ್ಯವಿಲ್ಲ. ಐದು ವರ್ಷ ನೀರಿನ ಮುಂದೆ ನಿಂತು ಕಲಿತದ್ದು ಇಂಥ ಒಂದು ಗಳಿಗೆಗೇ. ಚಿಗವ್ವನ "ನಡೀತೈತಿ" ಎಷ್ಟು ದೊಡ್ಡದು ಎಂದು ಮನೆಯವನಾದ ನನಗೆ ತಿಳಿದಿತ್ತು. ಅದರ ತೂಕ ಕಡಿಮೆಯಾಗದಂತೆ ದಾಟಿಸಬೇಕು ಎಂದು ಕುಸೂರ್‌ಸುಝ್ ಎಂದೆ, ಕುಂದೇ ಇಲ್ಲದ್ದು. ಅದರ ಮೇಲೆ ಇನ್ನೂ ಒಂದೆರಡು ಪೇರಿಸಿದೆ. ಅರ್ಥದಲ್ಲಿ ನಾನು ತಪ್ಪಿರಲಿಲ್ಲ. ಇವತ್ತಿಗೂ ಹಾಗೆಯೇ ಅನ್ನುತ್ತೇನೆ.

ಅವಳು ಕೂತಲ್ಲಿಂದ ಜಿಗಿದು ಎದ್ದಳು. ಚಿಗವ್ವನ ಕೆನ್ನೆ ಹಿಡಿದಳು. ಆಮೇಲೆ ನನ್ನತ್ತ ತಿರುಗಿ, ತುಂಬ ತುಂಬ ಚೆಂದ ಎನ್ನುವುದನ್ನು ನಿಮ್ಮಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿದಳು. ನಾನು ಹೇಳಿಕೊಟ್ಟೆ. ಅವಳು ಮಗ್ಗದ ಕಡೆಗೆ ಬಾಗಿ, ತಾನು ಕೂಡಿಸಿದ ಕೆಂಪಿಗೂ ಕಪ್ಪಿಗೂ ಕೇಳಿಸುವಂತೆ ಕೂಗಿದಳು.

"ಭಾಳ ಭಾಳ ಚಂದ! ಭಾಳ ಚಂದ!"

ಬಾಗಿಲಲ್ಲಿ ನಿಂತಿದ್ದ ಸೊಸೆ ಕೈಯಲ್ಲಿದ್ದ ಫೋನು ಇಳಿಸಿದಳು. "ಅಯ್ಯ ಶಿವನ! ಮಗ್ಗದ ಮ್ಯಾಲ ಇರೂದಕ್ಕ ಹಂಗ ಅಂತಾರೇನ್ರಿ?"

ನನಗೆ ತಟ್ಟನೆ ನೆನಪಾಯಿತು. ಹುಡುಗನಾಗಿದ್ದಾಗ ಇದೇ ಕೋಣೆಯಲ್ಲಿ ಇದೇ ಮಾತಿಗೆ ನನ್ನ ತಲೆಯ ಮೇಲೊಂದು ಬಿದ್ದಿತ್ತು. ಮಗ್ಗದ ಮೇಲಿರುವುದನ್ನು ಆ ಮನೆಯಲ್ಲಿ ಹೊಗಳುವುದಿಲ್ಲ. ಕತ್ತರಿಸಿ, ಮಡಿಚಿ, ಕಣ್ಣಿಗೆ ಒತ್ತಿಕೊಂಡ ಮೇಲೆ ಏನಾದರೂ ಅನ್ನಬಹುದು. ಅಲ್ಲಿಯವರೆಗೆ ಎಂಥ ನೇಯ್ಗೆಗೂ ಇರುವುದು ಇರಲಿ, ನಡೀತೈತಿ, ಮುಂದ ನಡಿ, ಇಷ್ಟೇ. ನಾನು ಅವಳಿಗೆ ಪದ ಕಲಿಸಿದೆ. ಅದನ್ನು ಎಲ್ಲಿ ಅನ್ನಬಾರದು ಎಂಬುದನ್ನು ಕಲಿಸಲಿಲ್ಲ.

ಚಿಗವ್ವ ಸಿಟ್ಟಾಗಲಿಲ್ಲ. ಗೂಡಿನಿಂದ ಒಂದು ಕಪ್ಪು ಎಳೆ ತೆಗೆದು, ನಾಲಿಗೆಯ ಮೇಲೆ ತುದಿ ಒದ್ದೆ ಮಾಡಿಕೊಂಡು, ಅವಳು ಕೂಡಿಸಿದ್ದ ಕೆಂಪಿನ ನಟ್ಟನಡುವೆ ಸಿಕ್ಕಿಸಿ ಗಂಟು ಹಾಕಿದಳು. ಎದ್ದು ಅಡುಗೆಮನೆಗೆ ಹೋದಳು.

ಈಗ ಕಷ್ಟದ ಜಾಗ ಬಂತು. ಇದನ್ನು ನಾನು ಎರಡು ರೀತಿ ಬರೆದು ನೋಡಿದ್ದೇನೆ, ಎರಡೂ ನಡೆದ ಹಾಗೆಯೇ ಕಾಣುತ್ತವೆ.

ಅವಳು ಆ ಎಳೆಯನ್ನು ನೋಡುತ್ತ ನನ್ನನ್ನು ಕೇಳಿದಳು: "ಹತಾ ಮಿ?" ತಪ್ಪೇ? ಒಂದು ಬರವಣಿಗೆಯಲ್ಲಿ ನಾನು ಬರೀ ಭುಜ ಹಾರಿಸಿದ್ದೇನೆ. ಇನ್ನೊಂದರಲ್ಲಿ "ಬಿರಾಝ್" ಎಂದಿದ್ದೇನೆ. ಸ್ವಲ್ಪ. ಎರಡನೆಯದೇ ನಿಜ ಎಂದು ನನ್ನ ಮನಸ್ಸು ಹೇಳುತ್ತದೆ, ಏಕೆಂದರೆ ಅದು ನನಗೆ ಅನುಕೂಲವಾಗಿಲ್ಲ. ಯಾಕೆ ಹಾಗೆಂದೆ ಎಂಬುದು ಮಾತ್ರ ಸ್ಪಷ್ಟವಿದೆ. ಪವರ್‌ಲೂಮಿನ ಶೆಡ್ಡುಗಳಲ್ಲಿ ಕೆಟ್ಟ ಜಾಗದ ಗುರುತಿಗೆ ಬೇರೆ ಬಣ್ಣದ ಎಳೆ ಕಟ್ಟುವುದನ್ನು ನಾನು ನೋಡಿದ್ದೆ. ಕಪ್ಪು ಎಳೆ ಕಂಡ ಕೂಡಲೇ ಮನಸ್ಸು ಅಲ್ಲಿಗೇ ಹೋಯಿತು: ಬೆರಳಿಗೆ ಏನೋ ಸಿಕ್ಕಿದೆ, ಚಿಗವ್ವ ಬಾಯಿಬಿಟ್ಟು ಹೇಳುತ್ತಿಲ್ಲ. ಕುಂದೇ ಇಲ್ಲ ಎಂದವನು ಎರಡೇ ನಿಮಿಷದಲ್ಲಿ ಸ್ವಲ್ಪ ಕುಂದಿದೆ ಎಂದೆ. ಅವಳ ಮುಖ ಬಾಡಿತು. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕಲ್ಲ. ಮೊದಲನೆಯದು ಸುಳ್ಳು ಎಂದು ಅವಳು ತೀರ್ಮಾನಿಸಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ನಾನು ಚಹಾ ಕುಡಿದು ಪೇಟೆ ಸುತ್ತಿ ಬರುವಷ್ಟರಲ್ಲಿ ಅವಳು ಅಂಗೈ ಅಗಲದ ಕೊಂಡಿಯನ್ನು ಪೂರ್ತಿ ಬಿಚ್ಚಿದ್ದಳು. ಒಂದು ಎಳೆಯೂ ತುಂಡಾಗದಂತೆ ಬಿಚ್ಚಿದ್ದಳು, ಅದು ಹಾಕುವುದಕ್ಕಿಂತ ಕಷ್ಟದ ಕೆಲಸ. ಕೆಂಪು ಎಳೆಗಳು ಒಂದು ಕಡೆ, ಕಪ್ಪು ಎಳೆಗಳು ಒಂದು ಕಡೆ ಬಾಚಿದ ಕೂದಲಿನ ಹಾಗೆ ಬಿದ್ದಿದ್ದವು. ಚಿಗವ್ವ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ತಡೆಯಲು ಅವಳಿಗೆ ಭಾಷೆ ಇರಲಿಲ್ಲ. ಭಾಷೆ ಇದ್ದವನು ಪೇಟೆಗೆ ಹೋಗಿದ್ದ.

"ಸಾಕೇನು?" ನನ್ನನ್ನು ಕಂಡು ಚಿಗವ್ವ ಅಷ್ಟೇ ಕೇಳಿದಳು. "ಸಾಕಂತನ?"

ನಾನು ಕೇಳಿದೆ. ಸಾಕು ಎಂದಳು. ಇನ್ನೂ ಎರಡು ದಿನವಿತ್ತು. ಬೇರೆ ಕಡೆಗೂ ಹೋಗಬೇಕಾಗಿದೆ, ಮೊದಲೇ ಯೋಚಿಸಿದ್ದೆ ಎಂದಳು. ಮರುದಿನ ಬೆಳಿಗ್ಗೆ ಚಿಗವ್ವನ ಕಾಲು ಮುಟ್ಟಿ, ಹೊಸಪೇಟೆಯ ಬಸ್ ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು, ನಕ್ಕಳು ಕೂಡ. ಬಸ್ ಹೊರಟ ಮೇಲೆ ಸೊಸೆ ತಿರುಗಿ ನನ್ನ ಎದುರು ನಿಂತಳು.

"ಭಾವಾರ, ಒಂದ ಮಾತ ಕೇಳ್ಲಿ? ಆ ಕರಿ ಎಳಿ ಯಾಕಂತ ಆಕಿಗೆ ಏನ ಹೇಳಿದ್ರಿ?"

"ಏನೋ ತಪ್ಪಾಗೇತಿ, ಗುರುತಿಗೆ ಹಾಕ್ಯಾರ ಅಂತ ತಿಳಕೊಂಡಿದ್ದೆ."

"ಎಂಥಾ ಶ್ಯಾಣ್ಯಾರ್ರಿ ನೀವು! ಕಾಲೇಜ್‌ನ್ಯಾಗ ಹಿಂಗ ಕಲಸ್ತೀರೇನು?" ಅವಳು ಹಣೆ ಬಡಿದುಕೊಂಡಳು. "ನಜರ ಹತ್ತಬಾರ್ದಂತ ಹಾಕಿದ್ದರಿ ಅದು. ಕೂಸಿನ ಗಲ್ಲಕ್ಕ ಕಾಡಿಗಿ ಹಚ್ಚಿಧಂಗ. ಅಂಥಾ ಕೆಲಸಕ್ಕಷ್ಟ ಹಾಕತಾರ. ನಾ ಹೊಸದಾಗಿ ಬಂದಾಗ ಎರಡ ವರ್ಷ ಅತ್ತಿ ಮುಂದ ಕುಂತ ಕೊಂಡಿ ಹಾಕೇನಿ, ನನಗ ಒಮ್ಮೆರ ಕರಿ ಎಳಿ ಹಾಕ್ಯಾರೇನ್ ಕೇಳ್ರಿ."

ಅವಳು ಎರಡು ವರ್ಷ ಕೊಂಡಿ ಹಾಕಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ.

ನಜರ್, ಕೆಟ್ಟ ಕಣ್ಣಿನ ದೃಷ್ಟಿ. ಆ ಹೆಂಗಸಿನ ಕೈಚೀಲದ ಕೊಂಡಿಯಲ್ಲಿ ನೀಲಿ ಗಾಜಿನ ಕಣ್ಣೊಂದು ಮೂರು ದಿನವೂ ತೂಗುತ್ತಿತ್ತು. ಅವರಲ್ಲೂ ಅದಕ್ಕೆ ಅದೇ ಪದ, ಅದೇ ಹೆದರಿಕೆ. ನಾನು ಆ ಪದವೊಂದನ್ನು ಅಂದಿದ್ದರೆ ಸಾಕಿತ್ತು. ಅವಳು ನಗುತ್ತ ಮತ್ತೆ ಕೂತು ಪೂರ್ತಿ ಸೆರಗು ಕೂಡಿಸುತ್ತಿದ್ದಳು. ಕಲಿಯಬೇಕಾಗಿಲ್ಲದ ಪದವೊಂದು ಇಬ್ಬರ ಮನೆಯಲ್ಲೂ ಇತ್ತು. ನಾನು ಕಲಿತ ಪದಗಳನ್ನೇ ಹುಡುಕುತ್ತಿದ್ದೆ.

ಹಿಂತಿರುಗಿದಾಗ ಚಿಗವ್ವ ಮಗ್ಗದ ಕುಣಿಯಲ್ಲಿ ಇಳಿದು, ಬಿಚ್ಚಿದ ಎಳೆಗಳನ್ನು ಮತ್ತೆ ಕೂಡಿಸಲು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದಳು.

"ಹ್ವಾದ್ಲಾ?"

"ಹ್ವಾದ್ಲು."

ಅವಳು ಒಂದು ಕುಣಿಕೆ ಬಿಗಿದಳು. ಇನ್ನೊಂದು ಬಿಗಿದಳು. "ಭಾಳ ಛಲೋ ಕೈ" ಅಂದಳು. "ಭಾಳ ಅಂದ್ರ ಭಾಳ."

ಆ ಪದವನ್ನು ಅವಳ ಬಾಯಲ್ಲಿ ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮಗ್ಗ ಬಿಟ್ಟು ಹೋದವಳ ಬಗ್ಗೆ ಇನ್ನು ಹಾಗೆ ಅನ್ನಬಹುದಿತ್ತು.

"ಚಿಗವ್ವ, ಆ ಕರಿ ಎಳಿ ನಜರಿಗೇ ಹಾಕಿದ್ದೇನು?"

"ನೀ ಸಾಲಿ ಕಲಿತಾಂವ, ನೀನ ಹೇಳು" ಎಂದು ನನ್ನನ್ನು ನೋಡದೆ ಇನ್ನೊಂದು ಬಿಗಿದಳು. ಮತ್ತೆ ಎಷ್ಟು ಸಲ ಕೇಳಿದರೂ "ಹಾಕಬೇಕನಸ್ತು, ಹಾಕಿದೆ" ಎನ್ನುವುದನ್ನು ಬಿಟ್ಟು ಬೇರೆ ಹೇಳಿಲ್ಲ. ಸೊಸೆ ಹೇಳಿದ್ದೇ ಸರಿ ಎಂದು ನಾನು ನಂಬುತ್ತೇನೆ. ಆದರೆ ಎರಡು ವರ್ಷ ಕಾದು ಒಂದು ಕಪ್ಪು ಎಳೆ ಸಿಗದವಳು ಅದನ್ನು ಬೇರೆಯವರ ಕೆಲಸದ ಮೇಲೆ ಕಂಡಾಗ, ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿರಲೂಬಹುದು.

ಬಾಗಲಕೋಟೆಗೆ ಬಂದು ಆ ಹೆಂಗಸಿಗೆ ಉದ್ದನೆಯ ಸಂದೇಶ ಬರೆದೆ. ಮೊದಲ ಕರಡಿನಲ್ಲಿದ್ದ ಅತಿಶಯಗಳನ್ನೆಲ್ಲ ಹೊಡೆದು ಹಾಕಿದೆ. ಕಪ್ಪು ಎಳೆ ನಜರಿಗೆ, ತಪ್ಪಿಗಲ್ಲ, ತಪ್ಪು ಹೇಳಿದ್ದು ನಾನು, ಚಿಗವ್ವ ನಿನ್ನ ಕೈಯ ಬಗ್ಗೆ ಹೀಗೆ ಅಂದಳು, ಇಷ್ಟನ್ನೇ ಉಳಿಸಿದೆ. ಮೂರು ದಿನ ಬಿಟ್ಟು ಒಂದೇ ಪದದ ಉತ್ತರ ಬಂತು. "ಅನ್ಲಾದಿಮ್." ಅರ್ಥವಾಯಿತು. ಅದರ ಮುಂದೆ ಹಿಂದೆ ಏನೂ ಇರಲಿಲ್ಲ. ಅಷ್ಟು ದೊಡ್ಡ ದೊಡ್ಡ ಪದಗಳ ಹೆಂಗಸು ಇಷ್ಟು ಸಣ್ಣದನ್ನು ಯಾವ ಧ್ವನಿಯಲ್ಲಿ ಬರೆದಳು ಎಂಬುದನ್ನು ಅಳೆಯಲು ನನ್ನ ಟರ್ಕಿಶ್ ಸಾಲದು. ಮೊದಲ ಸಲ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ಆಮೇಲೆ ನಾನೂ ಬರೆದಿಲ್ಲ, ಅವಳೂ ಬರೆದಿಲ್ಲ. ಚಿಗವ್ವ ಈಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕುಣಿಯಲ್ಲಿ ಕೂರಲಾರಳು. ನಾನು ಹೋದಾಗಲೆಲ್ಲ, ಆ ಹುಡುಗಿ ಅಲ್ಲಿ ಕೊಂಡಿ ಹಾಕುತ್ತಿದ್ದಾಳೆಯೇ ಎಂದು ಕೇಳುತ್ತಾಳೆ. ಹಾಕುತ್ತಿರಬಹುದು. ಒಂದು ದಿನದ ಪಳಗಿಕೆ ಮತ್ತು ಒಂದು ಬೆಳಗಿನ ಕೆಲಸ ಅವಳ ಬೆರಳಲ್ಲಿ ಉಳಿದಿರಬಹುದು, ಅದನ್ನು ಅಲ್ಲಿಯ ಮಕ್ಕಳಿಗೆ ಕಲಿಸುತ್ತಿರಲೂಬಹುದು. ಅಥವಾ ಆ ಮಧ್ಯಾಹ್ನ ಎಳೆಗಳ ಜೊತೆ ಅದನ್ನೂ ಬಿಚ್ಚಿ ನಮ್ಮ ಮನೆಯಲ್ಲೇ ಬಿಟ್ಟು ಹೋಗಿರಬಹುದು. ನನಗೆ ಗೊತ್ತಿಲ್ಲ. ಚಿಗವ್ವನಿಗೂ ಹಾಗೆಯೇ ಹೇಳಿದ್ದೇನೆ.